ಎಬಿಸಿಡಿ ಬರುತ್ತೆ, ನೀರು ಕೇಳೋಕೆ ಬರಲ್ಲ

ಹೋದ ತಿಂಗಳು ಎರಡು ಮುಕ್ಕಾಲು ವರ್ಷದ ಹುಡುಗನೊಬ್ಬ ಅಮ್ಮನ ಜೊತೆ ಬಂದಿದ್ದ. ‘ಮೇಡಂ, ಇವನಿಗೆ ಎಬಿಸಿಡಿ ಪೂರ್ತಿ ಬರುತ್ತೆ, ಬಣ್ಣ ಎಲ್ಲಾ ಗೊತ್ತು. ಮಾತಾಡಲ್ಲ ಅಷ್ಟೇ’ ಅಂದರು ಅಮ್ಮ. ಫೋನ್ ತೆಗೆದು ತೋರಿಸಿದರು. ಪರದೆ ಮೇಲೆ ನಾಲ್ಕು ಹಣ್ಣು. ‘ಬನಾನಾ’ ಅಂತ ದನಿ ಬಂತು. ಹುಡುಗ ಸರಿಯಾಗಿ ಮುಟ್ಟಿದ, ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವನಿಗೆ ಬಾಯಾರಿತು. ಅಮ್ಮನ ಕೈ ಹಿಡಿದು ಬ್ಯಾಗಿನ ಹತ್ತಿರ ಎಳೆದ. ಒಂದು ದನಿಯೂ ಇಲ್ಲ. ಅಮ್ಮ ಬಾಟಲಿ ಮುಚ್ಚಳ ತೆಗೆದು ಕೊಟ್ಟರು.

ವಾಕ್ ಚಿಕಿತ್ಸೆ ನನ್ನ ಕೆಲಸ. ಇಂಥ ಮಕ್ಕಳನ್ನು ಮೇಲಿಂದ ಮೇಲೆ ನೋಡುತ್ತೇನೆ. ಅಪ್ಪ ಅಮ್ಮಂದಿರು ಕೇಳೋದು ಒಂದೇ: ‘ಇದಕ್ಕಿಂತ ಒಳ್ಳೆ ಆಪ್ ಯಾವುದು ಹೇಳಿ.’

ಮಕ್ಕಳಿಗೆ ಪರದೆ ಎಷ್ಟು ಹೊತ್ತು ಅನ್ನೋದು ನಿಮಗೆ ಗೊತ್ತೇ ಇದೆ. ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಕಣ್ಣೆದುರು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲೇ ಹೇಳಿದೆ. ಊರಲ್ಲಿರೋ ಅಜ್ಜಿ ತಾತನ ಜೊತೆ ಆಗಾಗ ವಿಡಿಯೋ ಕಾಲ್ ಪರವಾಗಿಲ್ಲ.

ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಬೇರೆ ಇದೆ. ಮುಟ್ಟಿ ತೋರಿಸೋದು ಬೇರೆ, ಮಾತಾಡೋದು ಬೇರೆ. ‘ಬನಾನಾ’ ಕೇಳಿ ಚಿತ್ರ ಮುಟ್ಟೋಕೆ ಬಾಯಿ ಬೇಕಾಗಿಲ್ಲ. ‘ಬಾಳೆಹಣ್ಣು ಕೊಡು’ ಅನ್ನೋಕೆ ಎದುರಿಗೆ ಒಬ್ಬರು ಬೇಕು, ಕೊಡ್ತಾರೋ ಇಲ್ಲವೋ ಅನ್ನೋ ಕಾತರ ಬೇಕು. ಮಗು ಒಂದು ದನಿ ಹೊರಡಿಸುತ್ತೆ, ನೀವು ಅದಕ್ಕೆ ಓಗೊಡುತ್ತೀರಿ, ಮಗು ಇನ್ನೊಂದು ದನಿ ಸೇರಿಸುತ್ತೆ. ಮಾತು ಹುಟ್ಟೋದು ಈ ಕೊಟ್ಟು ತಗೊಳ್ಳೋದರಲ್ಲಿ. ಆಪ್ ಓಗೊಡೋದು ಬೆರಳಿಗೆ ಮಾತ್ರ.

ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕಿ ಪೆಟ್ರೀಶಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 9 ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಜನರೇ ಕೂತು ಆಡಿಸುತ್ತಾ ಓದಿದರು. ಇನ್ನು ಕೆಲವಕ್ಕೆ ಅದನ್ನೇ ಪರದೆ ಮೇಲೆ ತೋರಿಸಿದರು. 12 ಸಲ ಆದಮೇಲೆ ನೋಡಿದರೆ, ಜನರ ಜೊತೆ ಕೂತ ಕೂಸುಗಳು ಆ ಭಾಷೆಯ ದನಿಗಳ ವ್ಯತ್ಯಾಸ ಹಿಡಿದಿದ್ದವು. ಪರದೆ ನೋಡಿದ ಕೂಸುಗಳಲ್ಲಿ ಕಲಿಕೆಯೇ ಕಾಣಲಿಲ್ಲ. ಅಲ್ಲಿದ್ದದ್ದು ಆಪ್ ಅಲ್ಲ, ಮಕ್ಕಳೂ ತೀರಾ ಚಿಕ್ಕವರು. ಹಾಗಾಗಿ ಅದನ್ನು ಮೂರು ವರ್ಷದ ಮಗುವಿಗೆ ನೇರವಾಗಿ ಅನ್ವಯಿಸಬಾರದು. ಆದರೆ ನಾನು ದಿನಾ ನೋಡೋದಕ್ಕೂ ಅದಕ್ಕೂ ಹೊಂದಿಕೆಯಾಗುತ್ತೆ.

‘ನಾನು ಪಕ್ಕದಲ್ಲೇ ಇರ್ತೀನಿ ಮೇಡಂ’ ಅಂತಾರೆ. ಪಕ್ಕದಲ್ಲಿ ಅಂದರೆ ಅದೇ ಕೋಣೆಯಲ್ಲಿ, ಬೇರೆ ಫೋನ್ ನೋಡುತ್ತಾ! ನಾನು ಹೇಳೋ ಪಕ್ಕ ಅದಲ್ಲ. ಮಗು ನಿಮ್ಮ ತೊಡೆ ಮೇಲಿರಬೇಕು, ಫೋನ್ ನಿಮ್ಮ ಕೈಯಲ್ಲಿರಬೇಕು.

ಇದನ್ನು ನನಗೆ ಚೆನ್ನಾಗಿ ತೋರಿಸಿಕೊಟ್ಟಿದ್ದು ಹಳ್ಳಿಯಿಂದ ಬಂದ ಒಬ್ಬ ಅಜ್ಜಿ. ಆಪ್‌ನಲ್ಲಿ ಹಸು ಬಂತು, ‘ಕೌ’ ಅಂತು. ಅಜ್ಜಿ ಅಂಗೈಯಿಂದ ಪರದೆ ಮುಚ್ಚಿದರು. ‘ನಮ್ಮ ಗೌರಿ ಹೆಂಗೆ ಕೂಗ್ತಾಳೆ ಪುಟ್ಟಿ?’ ಅಂದು ಸುಮ್ನೆ ಕಾದರು. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ. ಎಂಟು ಎಣಿಸೋ ಹೊತ್ತಿಗೆ ಮೊಮ್ಮಗಳು ‘ಅಂಬಾ’ ಅಂದಳು. ‘ಹೌದು, ಅಂಬಾ ಅಂತಾಳೆ. ಯಾಕಂತೆ? ಹುಲ್ಲು ಬೇಕಂತೆ’ ಅಂದರು ಅಜ್ಜಿ. ಪುಟ್ಟಿ ‘ಉಲ್ಲು’ ಅಂದಳು. ಅಷ್ಟು ಚೆನ್ನಾಗಿ ಆ ಆಪ್ ಬಳಸಿದವರನ್ನು ನಾನು ನೋಡಿಲ್ಲ.

ಇನ್ನು ಆಯ್ಕೆ. ‘ಎಜುಕೇಶನಲ್’ ಅನ್ನೋ ಹೆಸರು ನೋಡಿ ನಂಬಬೇಡಿ, ಅದನ್ನು ಬರೆದುಕೊಂಡವರು ಆಪ್ ಮಾಡಿದವರೇ. ಮಗುವಿಗೆ ಕೊಡೋ ಮುಂಚೆ ನೀವೇ ಹತ್ತು ನಿಮಿಷ ಆಡಿ. ಬೇಕಂತಲೇ ತಪ್ಪು ಮುಟ್ಟಿ, ಅಂಗೈ ಇಟ್ಟು ಎಲ್ಲೆಂದರಲ್ಲಿ ಒತ್ತಿ. ಆಗಲೂ ಚಪ್ಪಾಳೆ ಬಂದರೆ ತೆಗೆದುಹಾಕಿ. ನೀವು ಸುಮ್ಮನಿದ್ದಾಗ ಆಪ್ ಕಾಯುತ್ತೋ, ತಾನೇ ಮುಂದಿನ ಚಿತ್ರಕ್ಕೆ ಓಡುತ್ತೋ ನೋಡಿ. ಓಡೋದಾದರೆ ಅಜ್ಜಿ ಮಾಡಿದ ಹಾಗೆ ಮಾಡೋಕೆ ಜಾಗವೇ ಇರಲ್ಲ. ನಡುವೆ ಜಾಹೀರಾತು ಬರೋ ಆಪ್ ಅಂತೂ ಬೇಡವೇ ಬೇಡ, ಅದನ್ನು ಮುಚ್ಚೋ ಆ ಸಣ್ಣ ಗುಣಿಸು ಗುರುತು ಒತ್ತೋಕೆ ಪುಟ್ಟ ಬೆರಳಿಗೆ ಆಗಲ್ಲ. ಖಾನ್ ಅಕಾಡೆಮಿ ಕಿಡ್ಸ್ ಅನ್ನೋ ಆಪ್ ಉಚಿತ, ಜಾಹೀರಾತು ಇಲ್ಲ, ಆದರೆ ಇಂಗ್ಲಿಷ್. ನನ್ನ ಒಲವು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಜಾಲತಾಣದ ಕಡೆಗೆ. ಅಲ್ಲಿ ಚಿತ್ರಗಳಿರೋ ಕನ್ನಡದ ಕತೆಗಳು ಉಚಿತವಾಗಿ ಸಿಗುತ್ತವೆ. ನೀವು ಓದಿ ಹೇಳಬೇಕು, ಅದಕ್ಕೇ ಇಷ್ಟ.

ಒಂದು ಎಚ್ಚರಿಕೆ. ಮಾತು ತಡವಾಗೋದಕ್ಕೆಲ್ಲ ಫೋನೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಮ್ಮಂದಿರು ಸುಮ್ನೆ ತಮ್ಮನ್ನೇ ಬೈದುಕೊಂಡು ಅಳೋದು ನೋಡಿದರೆ ನನಗೆ ಸಂಕಟವಾಗುತ್ತೆ. ಎರಡು ವರ್ಷ ತುಂಬಿದರೂ ‘ಅಮ್ಮ ಬಾ’, ‘ನೀರು ಕೊಡು’ ಅಂತ ಎರಡು ಪದ ಜೋಡಿಸದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ಈ ಕೆಲಸಕ್ಕೆ. ದೂರವಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ‘ನಮ್ಮನೇಲಿ ಎಲ್ಲರೂ ಲೇಟಾಗೇ ಮಾತಾಡಿದ್ದು’ ಅಂತ ಕಾಯಬೇಡಿ.