ಕಬ್ಬಿಗೆ ನೂರು, ನಮಗೆ ನಲವತ್ತಾರು

ಮಂಡ್ಯದ ಕಡೆ ನಾಲೆ ಬದಿಯ ಗದ್ದೆಯಲ್ಲಿ ಕೂತು ಕಬ್ಬಿನ ಜಲ್ಲೆ ಸಿಗಿಯುವಾಗಲೆಲ್ಲ ನನಗೆ ಒಂದು ಲೆಕ್ಕ ನೆನಪಾಗುತ್ತದೆ. ಇಂದಿನ ಕಬ್ಬು ಸಿಹಿ ಕಬ್ಬು ಮತ್ತು ಕಾಡು ಕಬ್ಬಿನ ಮಿಶ್ರತಳಿ. ಅದರ ಒಂದೊಂದು ಜೀವಕೋಶದಲ್ಲೂ ಸುಮಾರು 100ರಿಂದ 130 ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು. ತಳಿಯಿಂದ ತಳಿಗೆ ಸಂಖ್ಯೆ ಬೇರೆ. ಒಂದೆರಡು ಹೆಚ್ಚುಕಡಿಮೆಯಾದರೂ ಕಬ್ಬು ಆಳೆತ್ತರ ಬೆಳೆಯುತ್ತದೆ. ನಮ್ಮವು 46, ಒಂದೊಂದು ಬಗೆಯದೂ ಎರಡೆರಡು. ಒಂದು ಹೆಚ್ಚಾದರೆ ಬಹುಪಾಲು ಭ್ರೂಣ ಉಳಿಯುವುದೇ ಇಲ್ಲ. ಆದರೆ ಕ್ಯಾನ್ಸರ್ ಗಡ್ಡೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಈ ಲೆಕ್ಕ ತಪ್ಪಿರುತ್ತದೆ, ಆ ಕೋಶಗಳು ಸಾಯದೆ ಹಬ್ಬುತ್ತವೆ. ವರ್ಣತಂತುಗಳ ಏರುಪೇರಿಗೂ ಗಡ್ಡೆಗೂ ನಂಟಿದೆ ಎಂದು ಜರ್ಮನಿಯ ಥಿಯೋಡರ್ ಬೊವೆರಿ 1914ರಲ್ಲೇ ಬರೆದಿದ್ದರು.

ಎರಡಿದ್ದ ವರ್ಣತಂತು ಮೂರಾದರೆ ಅದರಲ್ಲಿರುವ ನೂರಾರು ಜೀನ್‌ಗಳ ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಗೆ ತೆಗೆದ ನಕಲು, ಸುಮಾರು ಒಂದೂವರೆ ಪಟ್ಟಾಗುತ್ತದೆ. ಪ್ರೋಟೀನೂ ಹಾಗೇ ಏರಬೇಕಲ್ಲ? ಅನೇಕವು ಏರುತ್ತವೆ. ಗುಂಪು ಕಟ್ಟಿಕೊಂಡು ದುಡಿಯುವ ಪ್ರೋಟೀನ್‌ಗಳು ಮಾತ್ರ ಅಷ್ಟು ಏರುವುದಿಲ್ಲ.

ಗಾಡಿ ಮಾಡುವ ಬಡಗಿಯ ಅಂಗಳ ನೋಡಿ. ಒಂದು ಅಚ್ಚಿಗೆ ಎರಡೇ ಗಾಲಿ. ಮೂರನೆಯದನ್ನು ಮಾಡಿಟ್ಟರೆ ಗಾಡಿ ಹೆಚ್ಚುವುದಿಲ್ಲ, ಗಾಲಿ ಗೋಡೆಗೆ ಒರಗುತ್ತದೆ. ಕೋಶದೊಳಗೆ ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್ ಕೂಡ ಸುಮಾರು 80 ಪ್ರೋಟೀನ್‌ಗಳ ಜೋಡಣೆ; ಅವುಗಳ ಜೀನ್‌ಗಳು ಬೇರೆ ಬೇರೆ ವರ್ಣತಂತುಗಳಲ್ಲಿ ಹಂಚಿಹೋಗಿವೆ. ಒಂದು ವರ್ಣತಂತು ಹೆಚ್ಚಿದರೆ ಕೆಲವು ಬಿಡಿಭಾಗ ಮಾತ್ರ ಹೆಚ್ಚು. ಜೊತೆ ಸಿಗದ ಪ್ರೋಟೀನು ಆ ಗಾಲಿಯ ಹಾಗೆ ತೆಪ್ಪಗಿರುವುದಿಲ್ಲ. ಮುಚ್ಚಿಕೊಂಡಿರಬೇಕಾದ ಅದರ ಜಿಗುಟು ಮೈ ತೆರೆದು, ಸಿಕ್ಕಿದ್ದಕ್ಕೆ ಅಂಟಿ ಮುದ್ದೆಗಟ್ಟುತ್ತದೆ. ಅಷ್ಟರೊಳಗೆ ಕೋಶ ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚಿ, ಪ್ರೋಟಿಯಾಸೋಮ್ ಎಂಬ ಪೀಪಾಯಿಯಂಥ ಯಂತ್ರಕ್ಕೆ ನೂಕಿ ಚೂರು ಮಾಡಿಸಬೇಕು. ಜೀನ್ ಮೂರಿದ್ದರೂ ಪ್ರೋಟೀನ್ ಎರಡರ ಅಳತೆಯ ಹತ್ತಿರಕ್ಕೆ ಇಳಿಯುವುದು ಹೀಗೆ. ಮಾಡಿದ್ದನ್ನೇ ಮುರಿಯುವ ಈ ಕೆಲಸಕ್ಕೆ ಕೋಶದ ಶಕ್ತಿ ಬಸಿದುಹೋಗುತ್ತದೆ.

ಹಾಗಿದ್ದರೆ ಗಡ್ಡೆಗೆ ಲಾಭವೇನು? ಎಲ್ಲ ಜೀನಿಗೂ ಈ ಕಡಿವಾಣವಿಲ್ಲ. ಕೋಶ ವಿಭಜನೆಗೆ ಕುಮ್ಮಕ್ಕು ಕೊಡುವ ಮಿಕ್ ಜೀನ್ 8ನೇ ವರ್ಣತಂತುವಿನಲ್ಲಿದೆ. ಅದರ ಪ್ರತಿಗಳು ಅನೇಕ ಕ್ಯಾನ್ಸರ್‌ಗಳಲ್ಲಿ ಹೆಚ್ಚಿರುತ್ತವೆ.

ಕಬ್ಬು ತಡೆದುಕೊಳ್ಳುವ ಗುಟ್ಟು ಅನುಪಾತದಲ್ಲಿದೆ. ಅಲ್ಲಿ ಒಂದೊಂದು ಬಗೆಯ ವರ್ಣತಂತುವಿಗೂ ಸುಮಾರು ಹತ್ತು ಪ್ರತಿ. ಒಂದು ಹೆಚ್ಚಿದರೆ ಹತ್ತರಲ್ಲೊಂದು ಪಾಲು ಏರಿತು, ಅಷ್ಟೇ. ನಮಗೆ ಎರಡರ ಮೇಲೆ ಒಂದು ಅಂದರೆ ಅರ್ಧಕ್ಕರ್ಧ. ಸುಮಾರು ಮೂರರಲ್ಲೊಂದು ಕ್ಯಾನ್ಸರ್ ಕಬ್ಬಿನ ದಾರಿಯನ್ನೇ ಹಿಡಿದಿರುತ್ತದೆ: ಮೊದಲು ಇಡೀ ವರ್ಣತಂತು ಕಟ್ಟನ್ನೇ ಇಮ್ಮಡಿ ಮಾಡಿಕೊಂಡು, ಆಮೇಲೆ ಒಂದೊಂದಾಗಿ ಕಳೆಯುತ್ತದೆ, ಕೂಡುತ್ತದೆ.

ಆದರೂ ಚೂರು ಮಾಡುವ ಹೊರೆ ಪೂರ್ತಿ ಇಳಿಯುವುದಿಲ್ಲ. ಪ್ರೋಟಿಯಾಸೋಮನ್ನು ತಡೆಯುವ ಬೋರ್ಟೆಜೋಮಿಬ್ ಎಂಬ ಔಷಧಿ ಮೈಲೋಮಾ ಎಂಬ ಕ್ಯಾನ್ಸರಿಗೆ 2003ರಿಂದ ಬಳಕೆಯಲ್ಲಿದೆ. ಅಲ್ಲಿನ ಹೊರೆ ಮುಖ್ಯವಾಗಿ ಆ ಕೋಶಗಳು ಎಡೆಬಿಡದೆ ತಯಾರಿಸುವ ಪ್ರತಿಕಾಯಗಳೆಂಬ ಪ್ರೋಟೀನ್‌ಗಳದ್ದು. ವರ್ಣತಂತು ಹೆಚ್ಚಿದ ಗಡ್ಡೆಗಳನ್ನೂ ಅವು ಹೊತ್ತ ಈ ಭಾರದಿಂದಲೇ ಕೆಡವಬಹುದೇ ಎಂದು ಪ್ರಯೋಗಾಲಯಗಳಲ್ಲಿ ಹುಡುಕುತ್ತಿದ್ದಾರೆ.