ಎಕ್ಸ್‌ರೇ ನಾರ್ಮಲ್, ಆದರೂ ಕಾಲು ಎತ್ತೋಕೆ ಆಗ್ತಿಲ್ಲ. ಇನ್ನೆಷ್ಟು ದಿನ ಕಾಯಬೇಕು?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಶುಗರ್ ಇದೆ. ಹತ್ತು ದಿನದ ಹಿಂದೆ ಕೊನೆಯ ಮೆಟ್ಟಿಲು ತಪ್ಪಿ ಬಿದ್ದರು. ಮಂಡಿಯಲ್ಲಿ ‘ಟಪ್’ ಅಂತ ಸದ್ದಾಯಿತಂತೆ. ಎಕ್ಸ್‌ರೇ ನೋಡಿ ಮೂಳೆ ಸರಿಯಿದೆ ಅಂದರು. ಊತ ಇಳಿಯುತ್ತಿದೆ, ಆದರೆ ಕಾಲು ಎತ್ತೋಕೆ ಆಗ್ತಿಲ್ಲ. ಇನ್ನೆಷ್ಟು ದಿನ ಕಾಯಬೇಕು?

ಉತ್ತರ: ಕಾಯಬೇಡಿ. ನಾಳೆಯೇ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಡುವೆ ಅದೇ ಮಾತು: “ಎಕ್ಸ್‌ರೇ ನಾರ್ಮಲ್ ಇದೆಯಲ್ಲ, ಅಂದ್ಮೇಲೆ ಏನೂ ಆಗಿಲ್ಲ ಅಲ್ವಾ?” ಅಲ್ಲ. ಮೂಳೆ ಮುರಿದಿಲ್ಲ ಅನ್ನುವುದಕ್ಕೂ ಏನೂ ಆಗಿಲ್ಲ ಅನ್ನುವುದಕ್ಕೂ ತುಂಬ ದೂರವಿದೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೊಡೆಯ ಮಾಂಸಖಂಡ ಎಳೆಯುವ ಕೈ, ಮಂಡಿಚಿಪ್ಪು ರಾಟೆ, ಮೊಣಕಾಲ ಕೆಳಗಿನ ಮೂಳೆ ಕೊಡ. ನಡುವಿನ ಹಗ್ಗವೇ ಟೆಂಡನ್. ಚಿಪ್ಪಿನ ಮೇಲೊಂದು, ಕೆಳಗೊಂದು. ರಾಟೆ ಗಟ್ಟಿಯಾಗಿದ್ದರೂ ಹಗ್ಗ ಹರಿದರೆ ಕೊಡ ಮೇಲೆ ಬರುವುದಿಲ್ಲ. ಹಗ್ಗ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಹಾಗಂತ ಎಕ್ಸ್‌ರೇ ದಂಡ ಅಲ್ಲ. ಮುರಿತ ಇದೆಯಾ ಅಂತ ಮಾತ್ರ ನೋಡಿ ಸುಮ್ನೆ ಬಿಟ್ಟರೆ ದಂಡ. ಮಂಡಿ ಸ್ವಲ್ಪ ಮಡಚಿ ಪಕ್ಕದಿಂದ ತೆಗೆದ ಫಿಲ್ಮ್ ನೋಡಿ. ಮೇಲಿನ ಟೆಂಡನ್ ಹರಿದಿದ್ದರೆ ಚಿಪ್ಪು ಕೆಳಗೆ ಜಾರಿರುತ್ತದೆ. ಕೆಳಗಿನದು ಹರಿದಿದ್ದರೆ ತೊಡೆ ಅದನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ. ಕೆಳಗಿನ ಟೆಂಡನ್‌ನ ಉದ್ದವನ್ನು ಚಿಪ್ಪಿನ ಉದ್ದದಿಂದ ಭಾಗಿಸಿದರೆ ಸಾಮಾನ್ಯವಾಗಿ 0.8ರಿಂದ 1.2ರ ಒಳಗೆ ಬರಬೇಕು. ಎಷ್ಟೋ ಸಲ ‘ನಾರ್ಮಲ್’ ಅಂದ ಫಿಲ್ಮಿನಲ್ಲೇ ಉತ್ತರ ಇರುತ್ತದೆ.

ಆದರೆ ನನ್ನ ಕಿರಿಯ ಡಾಕ್ಟರುಗಳಿಗೆ ಫಿಲ್ಮಿಗಿಂತ ಮೊದಲು ಕೈ ಬಳಸಲು ಹೇಳುತ್ತೇನೆ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲು ಎತ್ತಲು ಹೇಳಿ. ಆಮೇಲೆ ಮಂಚದ ಅಂಚಿನಲ್ಲಿ ಕೂರಿಸಿ, ಇಳಿಬಿಟ್ಟ ಕಾಲನ್ನು ನೇರ ಮಾಡಿಸಿ. ಚಿಪ್ಪಿನ ಮೇಲೆ, ಕೆಳಗೆ ಬೆರಳಾಡಿಸಿ ತಗ್ಗು ಇದೆಯಾ ನೋಡಿ. ಅರ್ಧ ನಿಮಿಷದ ಕೆಲಸ. ಕ್ಯಾಶುಯಲ್ಟಿ ಎಷ್ಟೇ ತುಂಬಿರಲಿ, ಇದನ್ನು ಬಿಡಬಾರದು. ಊತವಿದ್ದರೆ ತಗ್ಗು ಮುಚ್ಚಿಹೋಗಬಹುದು, ಅದಕ್ಕೇ ಕಾಲು ಎತ್ತಿಸಲೇಬೇಕು. ನೋವಿಗೆ ಎತ್ತುತ್ತಿಲ್ಲವೋ, ಹರಿದಿದ್ದಕ್ಕೋ ಅನ್ನುವ ಅನುಮಾನ ಇದ್ದರೆ, ಮಂಡಿಯಲ್ಲಿ ತುಂಬಿದ ರಕ್ತ ತೆಗೆದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮತ್ತೆ ಎತ್ತಿಸುತ್ತೇವೆ. ಆಮೇಲೂ ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ.

“ನಡೀತಾರಲ್ಲ ಡಾಕ್ಟ್ರೇ” ಅನ್ನುತ್ತಾರೆ. ಮಂಡಿ ಮಡಚದೆ, ಕಾಲನ್ನು ಕೋಲಿನ ಹಾಗೆ ಬೀಸುತ್ತಾ ಸಮತಟ್ಟಿನಲ್ಲಿ ನಡೆಯಬಹುದು. ಮೆಟ್ಟಿಲು ಹತ್ತಿಸಿ ನೋಡಬೇಡಿ, ಮಂಡಿ ಕುಸಿಯುತ್ತದೆ. ಚಿಪ್ಪಿನ ಅಕ್ಕಪಕ್ಕದ ಪೊರೆ ಉಳಿದಿದ್ದರೆ ಕಾಲು ಸ್ವಲ್ಪ ಎದ್ದೀತು, ಆದರೆ ಪೂರ್ತಿ ನೇರವಾಗುವುದಿಲ್ಲ. ಅದೂ ಎಚ್ಚರಿಕೆಯೇ.

ಪೂರ್ತಿ ಹರಿದಿದ್ದರೆ ಎಣ್ಣೆ ಹಚ್ಚಿ ನೀವಿದರೆ ಕೂಡುವುದಿಲ್ಲ, ಆಪರೇಷನ್ ಮಾಡಿ ಹೊಲಿಯಬೇಕು. ಮೊದಲ ಎರಡು ಮೂರು ವಾರದಲ್ಲಿ ಆದರೆ ಚೆನ್ನ. ಆಮೇಲೆ ಮಾಂಸಖಂಡ ಮೇಲಕ್ಕೆ ಸೆಳೆದುಕೊಂಡು ಅಲ್ಲೇ ಅಂಟಿಕೊಳ್ಳುತ್ತದೆ, ತುದಿಗಳು ಕೂಡುವುದೇ ಕಷ್ಟ. ನಿಮ್ಮ ಹತ್ತು ದಿನ ಆಗಲೇ ಹೋಗಿವೆ.

ಮೇಲಿನ ಟೆಂಡನ್ ಹರಿಯುವುದು ಜಾಸ್ತಿ 40 ದಾಟಿದವರಲ್ಲಿ, ಕೆಳಗಿನದು ಅದಕ್ಕಿಂತ ಚಿಕ್ಕವರಲ್ಲಿ. ಶುಗರ್, ಕಿಡ್ನಿ ಕಾಯಿಲೆ, ಗೌಟ್, ಬಹಳ ದಿನದ ಸ್ಟೀರಾಯ್ಡ್ ಇದ್ದರೆ ಹಗ್ಗ ಮೊದಲೇ ಸವೆದಿರುತ್ತದೆ. ಕೆಲವರಿಗೆ ಎರಡೂ ಮಂಡಿ ಒಟ್ಟಿಗೆ ಹೋಗುತ್ತವೆ. ಆಗ ಬೆನ್ನುಹುರಿಯ ತೊಂದರೆ ಅಂದುಕೊಂಡು ಎಲ್ಲೆಲ್ಲೋ ಹುಡುಕಿದ್ದೂ ಉಂಟು.

ನೀವು ಕೇಳದಿದ್ದರೂ ಇದನ್ನು ಹೇಳಬೇಕು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳಿಂದಲೂ ಟೆಂಡನ್ ಹರಿಯಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ, ಅಂದರೆ ಅತಿ ಗಂಭೀರವಾದ, ಎಚ್ಚರಿಕೆ ಹಾಕಿಸಿತು. ಹಿಮ್ಮಡಿಯ ಟೆಂಡನ್‌ಗೆ ಅಪಾಯ ಜಾಸ್ತಿ, ಮಂಡಿಗೂ ಆಗಬಹುದು. 60 ದಾಟಿದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಭೇದಿಗೆ, ಮೂತ್ರದ ಉರಿಗೆ ಅಂತ ಹಳೇ ಚೀಟಿ ತೋರಿಸಿ ಇವನ್ನೇ ತಂದು ನುಂಗುವ ಅಭ್ಯಾಸ ನಮ್ಮಲ್ಲಿದೆ. ತಂದೆಯವರು ಈಚೆಗೆ ಇಂಥ ಮಾತ್ರೆ ತೆಗೆದುಕೊಂಡಿದ್ದರೆ ಆ ಚೀಟಿಯನ್ನೂ ನಾಳೆ ಜೊತೆಗೆ ಒಯ್ಯಿರಿ.