ಲೆಕ್ಕಕ್ಕೆ ಸಿಗುವ ವೇಗ, ಅಳತೆಗೆ ಸಿಗುವ ಪೀಡನ

ಸರಕು ಹಡಗುಗಳ ಎರಡು-ಸ್ಟ್ರೋಕ್ ಡೀಸೆಲ್ ಎಂಜಿನ್‌ಗಳು ನಿಮಿಷಕ್ಕೆ ನೂರರ ಆಸುಪಾಸಿನಲ್ಲಷ್ಟೇ ಸುತ್ತುತ್ತವೆ. 2006ರ ಎಮ್ಮಾ ಮೇರ್ಸ್ಕ್ ಹಡಗಿನಲ್ಲಿರುವ ಹದಿನಾಲ್ಕು ಸಿಲಿಂಡರಿನ ವಾರ್ಟ್ಸಿಲಾ ಎಂಜಿನ್ 102 ಸುತ್ತಿನಲ್ಲಿ ಸುಮಾರು 80 ಮೆಗಾವ್ಯಾಟ್ ಕೊಡಬಲ್ಲದು. ಪಿಸ್ಟನ್‌ಗಳ ಏರಿಳಿತವನ್ನು ಸುತ್ತುವ ಚಲನೆಯಾಗಿಸುವ ಕ್ರ್ಯಾಂಕ್‌ಶಾಫ್ಟ್ ಒಂದರ ತೂಕವೇ ಸುಮಾರು 300 ಟನ್. ಇಷ್ಟು ನಿಧಾನದ, ಇಷ್ಟು ದಪ್ಪದ ಉಕ್ಕು ಕಂಪನಕ್ಕೆ ಏಕೆ ಅಂಜಬೇಕು ಎಂದು ಹಲವರು ಕೇಳುತ್ತಾರೆ. ನಿಜವಾಗಿ ಹೆಚ್ಚು ಅಂಜಬೇಕಾದದ್ದು ಐದಾರು ಸಿಲಿಂಡರಿನ ಚಿಕ್ಕ ಎಂಜಿನ್‌ಗಳೇ.

ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಆರು ಬಾರಿ ಶಾಫ್ಟನ್ನು ತಿರುಚಿ ಬಿಡುತ್ತದೆ. ಎಂಜಿನ್, ಶಾಫ್ಟ್, ಪ್ರೊಪೆಲರ್ ಸೇರಿದ ವ್ಯವಸ್ಥೆಯ ಸಹಜ ಆವರ್ತನ, ಅಂದರೆ ಅದು ತಾನಾಗಿ ಕಂಪಿಸುವ ಗತಿ, ನಿಮಿಷಕ್ಕೆ 300 ಇದ್ದರೆ, 50 ಸುತ್ತಿನ ವೇಗದಲ್ಲಿ, ಎಂದರೆ ಎಂಜಿನ್ ಓಡುವ ವೇಗಗಳ ನಡುವೆಯೇ, ಎರಡೂ ತಾಳ ಕೂಡಿ ಕಂಪನ ಬೆಳೆಯುವ ಅನುರಣನ ಉಂಟಾಗುತ್ತದೆ. ಗರಿಷ್ಠ ವೇಗ 100 ಇರುವ ಎಂಜಿನ್‌ನಲ್ಲಿ, ಹಡಗುಗಳ ಸುರಕ್ಷತಾ ಮಾನದಂಡ ನೋಡಿಕೊಳ್ಳುವ ವರ್ಗೀಕರಣ ಸಂಸ್ಥೆಗಳ ಒಕ್ಕೂಟದ ಸೂತ್ರದಂತೆ, ಸರಿಸುಮಾರು 46ರಿಂದ 55 ಸುತ್ತಿನವರೆಗಿನ ವೇಗ ನಿಷಿದ್ಧವಾಗುತ್ತದೆ. ಅದನ್ನು ದಾಟಬಹುದು, ಅಲ್ಲಿ ನಿಲ್ಲುವಂತಿಲ್ಲ.

ಈ ವೇಗವನ್ನು ಕಂಡುಹಿಡಿಯಲು ಪ್ರತಿ ಕ್ರ್ಯಾಂಕನ್ನು ಒಂದು ಜಡತ್ವದ ಬಿಲ್ಲೆಯಾಗಿಯೂ ನಡುವಿನ ಉಕ್ಕನ್ನು ಸ್ಪ್ರಿಂಗ್ ಆಗಿಯೂ ಭಾವಿಸಿ ಲೆಕ್ಕ ಹಾಕುತ್ತೇವೆ. ದ್ರವ್ಯರಾಶಿ, ಬಿಗಿತಗಳೆರಡೂ ಬಹುಮಟ್ಟಿಗೆ ನಕ್ಷೆಯಿಂದಲೇ ಸಿಗುವುದರಿಂದ ಆವರ್ತನದ ಉತ್ತರ ನಂಬುವಂತಿರುತ್ತದೆ. ಆದರೆ ಅನುರಣನದ ಎತ್ತರವನ್ನು ನಿರ್ಧರಿಸುವುದು ಡ್ಯಾಂಪಿಂಗ್, ಅಂದರೆ ಕಂಪನದ ಶಕ್ತಿಯನ್ನು ಹೀರಿ ಅದನ್ನು ತಗ್ಗಿಸುವ ಗುಣ. ಅದರ ದೊಡ್ಡ ಪಾಲು ನೀರಿನಲ್ಲಿ ತಿರುಗುವ ಪ್ರೊಪೆಲರ್‌ನಿಂದ ಬರುತ್ತದೆ, ಮತ್ತು ಅದಕ್ಕೆ ನಮ್ಮಲ್ಲಿರುವುದು ಅನುಭವಜನ್ಯ ಗುಣಾಂಕಗಳು ಮಾತ್ರ. ಆದ್ದರಿಂದ ಪೀಡನವನ್ನು, ಅಂದರೆ ತಿರುಚುವಿಕೆಯಿಂದ ಉಕ್ಕಿನೊಳಗೆ ಹುಟ್ಟುವ ಬಲವನ್ನು (stress), ಅಳೆದೇ ತಿಳಿಯಬೇಕು.

ಎಂಜಿನ್‌ಗೂ ಪ್ರೊಪೆಲರ್ ಶಾಫ್ಟ್‌ಗೂ ನಡುವಿನ ಮಧ್ಯಂತರ ಶಾಫ್ಟ್‌ನ ಬಣ್ಣ ಕೆರೆದು, ಉಜ್ಜಿ, ಎಣ್ಣೆಯ ಪಸೆ ತೆಗೆದು, ಅಕ್ಷಕ್ಕೆ 45 ಡಿಗ್ರಿ ಓರೆಯಾಗಿ ಹಿಗ್ಗಿದಾಗ, ಕುಗ್ಗಿದಾಗ ವಿದ್ಯುತ್ ರೋಧ ಬದಲಾಗುವ ನಾಲ್ಕು ಸ್ಟ್ರೇನ್ ಗೇಜ್‌ಗಳನ್ನು ಅಂಟಿಸಿ ಪೂರ್ಣ ಬ್ರಿಡ್ಜ್ ಎಂಬ ವಿದ್ಯುತ್ ಮಂಡಲವಾಗಿ ಜೋಡಿಸಿದರೆ, ಶಾಫ್ಟ್‌ನ ಬಾಗುವಿಕೆ ಮತ್ತು ತಾಪದ ಪ್ರಭಾವಗಳು ಒಂದನ್ನೊಂದು ಕಳೆದುಕೊಂಡು ತಿರುಚು ಮಾತ್ರ ಉಳಿಯುತ್ತದೆ. 30 ಮೆಗಾಪಾಸ್ಕಲ್ ಪೀಡನಕ್ಕೆ ಪ್ರತಿ ಗೇಜ್ ಹಿಗ್ಗುವುದು ಅಥವಾ ಕುಗ್ಗುವುದು ಸುಮಾರು 190 ಮೈಕ್ರೋಸ್ಟ್ರೇನ್, ಅಂದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 190 ಪಾಲು. ಬ್ರಿಡ್ಜ್‌ಗೆ ಐದು ವೋಲ್ಟ್ ಕೊಟ್ಟರೆ ಹೊರಬರುವುದು ಎರಡು ಮಿಲಿವೋಲ್ಟ್‌ಗೂ ಕಡಿಮೆ. ತಿರುಗುವ ಶಾಫ್ಟ್‌ನಿಂದ ಇದನ್ನು ರೇಡಿಯೋ ಮೂಲಕ ತರಬೇಕಾದ್ದರಿಂದ, ಪರೀಕ್ಷೆಗೆ ಮೊದಲೂ ಅನಂತರವೂ ಷಂಟ್ ರೋಧಕದಿಂದ (ಬೆಲೆ ತಿಳಿದ ರೋಧಕವನ್ನು ಗೇಜ್‌ಗೆ ಸಮಾಂತರವಾಗಿ ಜೋಡಿಸಿ) ಮಾಪನವನ್ನು ಪರಿಶೀಲಿಸದ ವರದಿಯನ್ನು ನಾನು ಒಪ್ಪುವುದಿಲ್ಲ.

ಅಳತೆ ಬಂದ ಮೇಲೆ, ಅನುರಣನದ ಶಿಖರ ಲೆಕ್ಕದ ವೇಗದಲ್ಲೇ ಕಂಡರೆ, ಬಿಲ್ಲೆ-ಸ್ಪ್ರಿಂಗ್‌ಗಳ ಮಾದರಿಯಲ್ಲಿ ತಿದ್ದಬೇಕಾದದ್ದು ಡ್ಯಾಂಪಿಂಗ್ ಒಂದನ್ನೇ. ಶಿಖರದ ಸ್ಥಾನವೇ ಹೊಂದದಿದ್ದಾಗ ಬಿಗಿತವನ್ನು ಅಲ್ಲಿಷ್ಟು ಇಲ್ಲಿಷ್ಟು ಎಳೆದು ಗೆರೆಗಳನ್ನು ಕೂಡಿಸುವ ಚಾಳಿ ನಮ್ಮ ವೃತ್ತಿಯಲ್ಲಿದೆ. ಹಾಗೆ ಮಾಡುವ ಬದಲು, ಪ್ರೊಪೆಲರ್ ತನ್ನೊಂದಿಗೆ ಎಳೆದೊಯ್ಯುವ ನೀರಿನ ಜಡತ್ವವನ್ನು ಎಷ್ಟೆಂದು ಹಿಡಿದಿದ್ದೇವೆ ಎಂಬುದನ್ನು ಮೊದಲು ನೋಡಬೇಕು. ಗೇಜ್ ತಲುಪಲಾಗದ ಕ್ರ್ಯಾಂಕ್‌ಪಿನ್ (ಕ್ರ್ಯಾಂಕ್‌ಶಾಫ್ಟ್‌ಗೆ ಕನೆಕ್ಟಿಂಗ್ ರಾಡ್ ಕೂಡುವ ಭಾಗ) ಅಂಚಿನ ಪೀಡನವನ್ನು ಈ ಮಾದರಿಯೇ ಹೇಳಬೇಕಾದ್ದರಿಂದ ತಪ್ಪು ತಿದ್ದುಪಡಿ ಅಲ್ಲಿ ಮರೆಯಾಗಿ ಕೂರುತ್ತದೆ.

ಇತ್ತೀಚೆಗೆ ಇಂಧನ ದಕ್ಷತೆಯ ನಿಯಮಗಳಿಂದಾಗಿ ಎಂಜಿನ್‌ಗಳ ಶಕ್ತಿ ತಗ್ಗಿ, ನಿಷಿದ್ಧ ವೇಗವನ್ನು ದಾಟಲು ಹಿಡಿಯುವ ಸಮಯ ಕೆಲವು ಹಡಗುಗಳಲ್ಲಿ ಹೆಚ್ಚಿದೆ. ದಾಟುವಾಗಿನ ಪ್ರತಿ ಆವರ್ತವೂ ಶಾಫ್ಟ್‌ನ ಆಯಸ್ಸಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಪರೀಕ್ಷೆ ಅನೇಕ ಬಾರಿ ಸರಕಿಲ್ಲದ ಹಡಗಿನಲ್ಲಿ, ಶಾಂತ ನೀರಿನಲ್ಲಿ ನಡೆಯುವುದರಿಂದ ಅಲ್ಲಿ ದಾಖಲಾಗುವ ಸಮಯ ವಾಸ್ತವಕ್ಕಿಂತ ಕಡಿಮೆಯೇ ಇರುತ್ತದೆ. ತುಂಬಿದ ಹಡಗಿನ ಮೊದಲ ಯಾನದಲ್ಲಿ ಈ ಅಳತೆಯನ್ನು ಮತ್ತೊಮ್ಮೆ ಮಾಡಲು ಮಾಲೀಕರು ಒಪ್ಪಂದದಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.